ಕಸಾಯಿಖಾನೆಯ ಹಾಸುಗಲ್ಲು

“ಆ ಕಲ್ಲಿನ ಮೇಲೆ ಕಾಲಿಡಬೇಡಿ ವಕೀಲರೇ. ಸುತ್ತು ಹಾಕ್ಕೊಂಡು ಹೋಗಿ.”

ರಮೀರೋ ಗಾರಾಯ್ ಎತ್ತಿದ ಕಾಲನ್ನು ಹಾಗೆಯೇ ನಿಲ್ಲಿಸಿ ತಿರುಗಿ ನೋಡಿದ. ಬಯಲಿನ ಬೇಲಿಯಾಚೆ, ತಗಡಿನ ಮಾಡಿನ ಕೆಳಗೆ, ಜೋಳದ ಹೆಂಡ ಮಾರುವ ಮುದುಕಿ ದೋನ್ಯಾ ಯುದೋಸಿಯಾ ಸೌಟು ಹಿಡಿದು ನಿಂತಿದ್ದಳು. ಅವಳ ಹಂಡೆಯ ಹುಳಿ ವಾಸನೆ ಅಷ್ಟು ದೂರಕ್ಕೂ ಬಂದು ಮೂಗಿಗೆ ಬಡಿಯುತ್ತಿತ್ತು.

“ಯಾಕಜ್ಜಿ? ಕಲ್ಲಿಗೆ ನೋವಾಗುತ್ತಾ?”

“ನಗಬೇಡಿ. ನಮ್ಮ ಮುತ್ತಾತನ ಕಾಲದಿಂದ ರಕ್ತ ಕುಡಿದ ಕಲ್ಲು ಅದು. ಕಸಾಯಿಖಾನೆ ಮುಚ್ಚಿದ ಮೇಲೆ ಹಸ್ಕೊಂಡು ಕೂತಿದೆ. ನಮ್ಮಣ್ಣ ಶುಕ್ರವಾರ ಶುಕ್ರವಾರ ಒಂದು ಆಡು ಕುಯ್ದು ಸಮಾಧಾನ ಮಾಡ್ತಾನೆ. ಅವನನ್ನ ಕೇಳದೆ ಯಾರೂ ತುಳಿಯಲ್ಲ.”

“ಹಾಗಿದ್ರೆ ಮುಂದಿನ ಸಲ ಹೋಟೆಲಿನ ಮಾಣಿಯನ್ನೇ ಕರ್ಕೊಂಡು ಬರ್ತೀನಿ. ಅದಕ್ಕೇನು ಬೇಕೋ ಹೇಳಲಿ!”

ಪಕ್ಕದಲ್ಲಿದ್ದ ಬಿಲ್ಡರ್ ಬಾಸ್ತಿದಾಸ್ ಹೊಟ್ಟೆ ಕುಣಿಸಿ ನಕ್ಕ. ಆ ನಗು ರಮೀರೋಗೆ ಇನ್ನಷ್ಟು ಹುರುಪು ಕೊಟ್ಟಿತು. ಹಾಸುಗಲ್ಲಿನ ನಟ್ಟನಡುವೆ ಹೋಗಿ ನಿಂತು ಬೂಟಿನ ಹಿಮ್ಮಡಿಯಿಂದ ಕುಟ್ಟಿ ತೋರಿಸಿದ. ಕಲ್ಲಿನ ಅಂಚಿನಲ್ಲೊಂದು ಕರಿಮಣ್ಣಿನ ಬೋಗುಣಿ ಇತ್ತು. ಒಳಗೆ ಹೆಪ್ಪುಗಟ್ಟಿದ ರಕ್ತ, ಮೇಲೆ ಮುತ್ತಿದ ನೊಣ. ಕಾಲ ತುದಿಯಿಂದ ಅದನ್ನು ನೂಕಿದ. ಬೋಗುಣಿ ಉರುಳಿ ಹೋಳಾಯಿತು. ಒಂದು ನೊಣವೂ ಮೇಲೇಳಲಿಲ್ಲ. ಬಯಲಿಡೀ ತುಂಬಿದ್ದ ಗುಂಯ್‌ಗುಡುವ ಸದ್ದು ಮಾತ್ರ ಬಾಯಿಗೆ ಅಂಗೈ ಮುಚ್ಚಿದಂತೆ ನಿಂತುಹೋಯಿತು.

ಯುದೋಸಿಯಾ ಶಿಲುಬೆಯ ಗುರುತು ಹಾಕಿಕೊಂಡು ಒಳಗೆ ಹೋದಳು.

ಸಾಂತಾ ರುಫಿನಾ ಪೆರು ದೇಶದ ಉತ್ತರ ಕರಾವಳಿಯ ಊರು. ಒಂದು ಕಡೆ ಮರಳುಗಾಡು, ಇನ್ನೊಂದು ಕಡೆ ಕಡಲು, ನಡುವೆ ಮೀನಿನ ಹಿಟ್ಟು ಮಾಡುವ ಕಾರ್ಖಾನೆಯ ಕೊಳೆತ ಹೊಗೆ. ಊರು ಬೆಳೆಯುತ್ತ ಬೆಳೆಯುತ್ತ ಹೊರವಲಯದ ಕಸಾಯಿಖಾನೆ ಪೇಟೆಯ ಎದೆಯ ಮೇಲೆ ಬಂದು ಕೂತಿತ್ತು. ಅದನ್ನು ಕೆಡವಿದ ಮೇಲೆ ಉಳಿದ ಬಯಲು ನಗರಸಭೆಯ ಆಸ್ತಿ. ಹುಡುಗರು ಅಲ್ಲಿ ಚೆಂಡಾಡುತ್ತಿದ್ದರು, ಹೆಂಗಸರು ಬಟ್ಟೆ ಒಣಹಾಕುತ್ತಿದ್ದರು, ಹಾಸುಗಲ್ಲಿನ ಹತ್ತಿರ ಮಾತ್ರ ಯಾರೂ ಸುಳಿಯುತ್ತಿರಲಿಲ್ಲ. ಈಗ ಆ ಬಯಲನ್ನು ಬಾಸ್ತಿದಾಸನಿಗೆ ಮಾರಿ, ಅವನು ಬಹುಮಹಡಿ ಮನೆ ಕಟ್ಟಿ, ಅದರಲ್ಲೊಂದು ಪಾಲನ್ನು ಊರ ಮೀನುಗಾರರಿಗೆ ಅಗ್ಗದಲ್ಲಿ ಕೊಡಬೇಕೆಂಬ ಮಾತುಕತೆ ಎಳೆದಾಡಿಕೊಂಡು ಬಂದಿತ್ತು. ಮೇಯರ್ ಎಲಿಯೋ ಯೋಂತೋಪನಿಗೆ ಚುನಾವಣೆಗೆ ಮುಂಚೆ ಅದು ಮುಗಿಯಬೇಕಿತ್ತು. ಅದಕ್ಕೇ ಲಿಮಾದಿಂದ ರಮೀರೋನನ್ನು ಕರೆಸಿದ್ದ. ಮಾತಿನಲ್ಲಿ ಕಲ್ಲನ್ನೂ ಕರಗಿಸುತ್ತಾನೆ ಎಂಬ ಹೆಸರಿತ್ತು ಅವನಿಗೆ.

ಹೆಸರಿಗೆ ತಕ್ಕಂತೆ ಕೆಲವೇ ವಾರಗಳಲ್ಲಿ ಎಲ್ಲವನ್ನೂ ದಡ ಮುಟ್ಟಿಸಿದ. ರಸ್ತೆ ಯಾರದು, ನೀರು ಯಾರದು, ಮೀನುಗಾರರ ಪಾಲೆಷ್ಟು, ಎಲ್ಲ ತೀರ್ಮಾನವಾಯಿತು. ಉಳಿದದ್ದು ಯುದೋಸಿಯಾಳ ಅಣ್ಣ. ದೋನ್ ನಿಕಾನೋರ್ ಚಾಫ್ಲೋಕೆ, ಊರ ಕೊನೆಯ ಕಸಾಯಿ. ಬಯಲು ಬಿಟ್ಟು ಏಳುವುದಿಲ್ಲ ಎಂದು ಹಾಸುಗಲ್ಲಿನ ಪಕ್ಕ ಗುಡಿಸಲು ಹಾಕಿ ಕೂತುಬಿಟ್ಟಿದ್ದ.

“ಅವನಿಗೆ ಬೇಕಾಗಿರೋದು ಆ ಕಲ್ಲು ತಾನೇ?” ನಗರಸಭೆಯ ಕೋಣೆಯಲ್ಲಿ ಬಾಸ್ತಿದಾಸ್ ಬೆವರೊರೆಸಿಕೊಳ್ಳುತ್ತ ಹೇಳಿದ. “ಒಂದು ಕೋಣೆಯಷ್ಟು ಜಾಗ. ಇರಲಿ ಬಿಡಿ. ಸುತ್ತ ಗಿಡ ನೆಟ್ಟು ಬೆಂಚು ಹಾಕಿಸ್ತೀನಿ. ನನಗೇನೂ ನಷ್ಟ ಇಲ್ಲ.”

ಮೇಯರ್ ತಲೆದೂಗಿದ. “ಹಾಗೇ ಮಾಡೋಣ. ಆ ಮುದುಕ ಮಾಟಗಾರ ಅಂತ ಊರೆಲ್ಲ ಹೇಳುತ್ತೆ. ನಮ್ಮಮ್ಮ ಅವನ ಹೆಸರು ಎತ್ತಿದ್ರೆ ಉಪ್ಪು ಎಸೀತಿದ್ಳು.”

“ಮೇಯರ್ ಸಾಹೇಬ್ರೇ,” ಎಂದ ರಮೀರೋ. “ಇವತ್ತು ಒಂದು ಕಲ್ಲು ಬಿಟ್ಟುಕೊಟ್ರೆ ನಾಳೆ ಊರಿನ ಪ್ರತಿ ಮುದುಕನೂ ಒಂದೊಂದು ಕಲ್ಲು ಹುಡುಕ್ಕೊಂಡು ಬರ್ತಾನೆ. ಒಂದಿಂಚೂ ಬಿಡಬೇಡಿ. ಮೊದಲು ಅದರ ಮೇಲೇ ಕಾಂಕ್ರೀಟು ಸುರೀರಿ. ಮುದುಕನನ್ನ ನಾನು ಏಳಿಸ್ತೀನಿ.”

ಬಿಡಬಹುದಿತ್ತು. ಕೊಡುವವನಿಗೆ ಕೊಡುವ ಮನಸ್ಸಿತ್ತು, ಕೇಳುವವನು ಕೇಳಿದ್ದು ಅಂಗೈಯಗಲ. ಆದರೆ ರಮೀರೋಗೆ ಅರ್ಧ ಗೆಲುವು ಗೆಲುವೆನಿಸುತ್ತಿರಲಿಲ್ಲ.

ಬೆಳಗಿನ ಬಿಸಿಲಲ್ಲಿ ನಗರಸಭೆಯ ಕಾವಲುಪಡೆಯೊಂದಿಗೆ ಬಯಲಿಗೆ ಹೋದ. ನಿಕಾನೋರ್ ಕಲ್ಲಿನ ಮೇಲೆ ಕೂತು ಬಾಗಿದ ಚಾಕುವೊಂದನ್ನು ಮಸೆಯುತ್ತಿದ್ದ. ಮುಂದಿನ ಹಲ್ಲು ಬಿದ್ದ ಬಾಯಿ, ವಯಸ್ಸಿಗೆ ಮೀರಿದ ದಪ್ಪ ತೋಳು. ಸುತ್ತ ಹಳೆಯ ಕೊಬ್ಬಿನ ಕಮಟು.

“ಏಳು ತಾತ. ನಾಟಕ ಮುಗೀತು.”

“ಊರನ್ನ ಮಾರ್ಕೋ ವಕೀಲಪ್ಪ, ನಾನು ಬೇಡ ಅನ್ನಲ್ಲ,” ಮುದುಕನ ದನಿ ಮೆತ್ತಗಿತ್ತು. “ಇದನ್ನ ಬಿಟ್ಟುಬಿಡು. ಇದಕ್ಕೆ ಉಣ್ಣಿಸೋನು ಒಬ್ಬ ಇರಬೇಕು. ಇಲ್ಲ ಅಂದ್ರೆ ಅದೇ ಹುಡುಕ್ಕೊಳ್ಳುತ್ತೆ.”

“ಎಳೀರಿ ಅವನನ್ನ!”

ಕಾವಲಿನವರು ಹಿಂದೆಮುಂದೆ ನೋಡಿದರು. ಅವರೆಲ್ಲ ಆ ಊರಿನವರೇ. ಕೊನೆಗೊಬ್ಬ ಕಣ್ಣು ಮುಚ್ಚಿ ಲಾಠಿ ಬೀಸಿದ. ಮೊದಲ ಏಟು ಬಿದ್ದದ್ದೇ ತಡ, ಉಳಿದವರ ಭಯವೆಲ್ಲ ಕೈಗೆ ಇಳಿಯಿತು. ಹುಚ್ಚು ಹಿಡಿದವರಂತೆ ಬಡಿದರು. ಭುಜ, ಪಕ್ಕೆಲುಬು, ಮೊಣಕಾಲು. ಮೂಳೆ ಮುರಿದ ಸದ್ದು ಒಣಗಿದ ಕಬ್ಬು ಮುರಿದಂತೆ ಕೇಳಿತು. ಮುದುಕ ಕೂಗಲಿಲ್ಲ, ಚಾಕುವನ್ನೂ ಬಿಡಲಿಲ್ಲ. ರಮೀರೋ ತಾನೇ ಬಗ್ಗಿ ಆ ಮುಷ್ಟಿಗೆ ಕೈ ಹಾಕಿದ. ಬಿಡಿಸಲಾಗದೆ ಬೂಟುಗಾಲಿನಿಂದ ಮುದುಕನ ತಲೆಯನ್ನು ಒದ್ದ. ತಲೆ ಕಲ್ಲಿನ ಅಂಚಿಗೆ ಬಡಿದು ಬಿರಿಯಿತು.

ಚಾಕು ಸಡಿಲವಾಯಿತು. ಅದರ ಜೊತೆಗೇ ಮುದುಕನ ಎರಡೂ ಕೈ ರಮೀರೋನ ಮಣಿಕಟ್ಟುಗಳನ್ನು ಹಿಡಿದವು. ಇಕ್ಕಳದ ಹಿಡಿತ. ಮುದುಕ ತಲೆಯೆತ್ತಿದ. ಬಾಯಿ ತುಂಬ ರಕ್ತ ತುಂಬಿಕೊಂಡು, ಈ ಕಡೆಯ ಮಾಂತ್ರಿಕರು ತೀರ್ಥ ಉಗುಳುವ ಹಾಗೆ, ಫೂ ಎಂದು ರಮೀರೋನ ಕೈಗಳ ಮೇಲೆ ಊದಿದ. ಬೆರಳು, ಉಗುರು, ಅಂಗೈ. ಬಿಸಿ ಬಿಸಿ.

“ಜಾಗ ತಗೊಂಡೆ,” ಎಂದ. “ಕಸುಬೂ ತಗೋ.”

ಮತ್ತೆ ಉಸಿರೆಳೆಯಲಿಲ್ಲ. ಬಿರಿದ ತಲೆಯಿಂದ ಹರಿದ ರಕ್ತ ಕಲ್ಲಿನ ಮೇಲೆ ಹರಡಲೇ ಇಲ್ಲ. ಕಾದ ಮರಳಿಗೆ ಬಿದ್ದ ನೀರಿನಂತೆ ಇಂಗಿಹೋಯಿತು.

ಕುಡಿದು ಬಿದ್ದು ಸತ್ತ ಎಂದು ಎಲ್ಲರೂ ಒಂದೇ ಮಾತು ಹೇಳಿದರು. ಒಡಂಬಡಿಕೆಗೆ ಸಹಿ ಬಿತ್ತು.

ರಮೀರೋ ಎಷ್ಟು ಸಲ ತೊಳೆದರೂ ಕೈಯ ವಾಸನೆ ಹೋಗಲಿಲ್ಲ. ಹಸಿ ರಕ್ತ, ಸಗಣಿ, ಬೆಚ್ಚಗಿನ ಕರುಳು. ಸಹಿಯ ಸಂತೋಷಕ್ಕೆ ಮೇಯರ್ ತನ್ನ ಮನೆಯಂಗಳದಲ್ಲಿ ಮಧ್ಯಾಹ್ನದೂಟ ಇಟ್ಟಿದ್ದ. ಇಡೀ ಆಡಿನ ಮರಿಯನ್ನು ಹೆಂಡದಲ್ಲಿ ನೆನೆಸಿ ಬೇಯಿಸಿ ಮೇಜಿನ ಮೇಲೆ ತಂದಿಟ್ಟರು. “ವಕೀಲರೇ ಕತ್ತರಿಸಲಿ!” ಎಂದು ಯಾರೋ ಕೂಗಿದರು. ರಮೀರೋ ಜನ್ಮದಲ್ಲಿ ಒಂದು ಕೋಳಿಯನ್ನೂ ಕತ್ತರಿಸಿದವನಲ್ಲ. ನಗುತ್ತ ಚಾಕು ತೆಗೆದುಕೊಂಡ. ಚಾಕು ಕೈಗೆ ಬಂದದ್ದೇ ನಗು ನಿಂತಿತು. ಕೈಗಳು ತಾವಾಗಿ ನಡೆದವು. ಕೀಲು ಎಲ್ಲಿದೆ, ನರ ಎಲ್ಲಿ ಸುತ್ತುತ್ತದೆ, ಎಲ್ಲ ಅವಕ್ಕೆ ತಿಳಿದಿತ್ತು. ಬೆರಳು ಒತ್ತುತ್ತಿತ್ತು, ಅಲಗು ಜಾರುತ್ತಿತ್ತು, ಮಾಂಸ ಅಂಗಿ ಕಳಚಿದಂತೆ ಮೂಳೆ ಬಿಟ್ಟು ಬರುತ್ತಿತ್ತು.

“ಅಬ್ಬಬ್ಬಾ! ಯಾವ ಕಸಾಯಿ ಮಗನಯ್ಯಾ ನೀನು!” ಮೇಯರ್ ಎದ್ದು ಬಂದು ಬಿಗಿದಪ್ಪಿದ. ಆ ಅಪ್ಪುಗೆಯಲ್ಲೇ ರಮೀರೋನ ಹೆಬ್ಬೆರಳು ಮೇಯರನ ಕೊಬ್ಬಿದ ಕತ್ತಿನ ಮೇಲೆ ತೆವಳಿತು. ದವಡೆಯ ಕೆಳಗೆ, ನಾಡಿ ಮಿಡಿಯುವ ಮೆತ್ತನೆಯ ಜಾಗ ಸಿಕ್ಕಿತು. ಅಲ್ಲಿ ನಿಂತಿತು. ಬೆರಳಿಗೆ ಖುಷಿಯಾದದ್ದು ರಮೀರೋಗೆ ತಿಳಿಯಿತು. ಅವನು ಕೈ ಕಿತ್ತುಕೊಂಡು ಬೀದಿಗೆ ಓಡಿದ.

ಮರುದಿನ ಎಚ್ಚರವಾದಾಗ ಬಾಡಿಗೆ ಮನೆಯೊಡತಿ ಅಂಗಳದಲ್ಲಿ ಕಿರುಚುತ್ತಿದ್ದಳು. ಬಟ್ಟೆ ಒಣಹಾಕುವ ಕೊಕ್ಕೆಗೆ ಅವಳ ನಾಯಿಯನ್ನು ಹಿಂಗಾಲಿಂದ ತೂಗುಹಾಕಿತ್ತು. ಚರ್ಮ ಒಂದು ಗೀರೂ ಇಲ್ಲದೆ ಸುಲಿದು ಪಕ್ಕದಲ್ಲಿ ಮಡಚಿಟ್ಟಿತ್ತು. ಕರುಳು ಬಕೆಟ್ಟಿನಲ್ಲಿ, ಪಿತ್ತಕೋಶ ಒಡೆಯದಂತೆ ಬೇರೆ. ರಮೀರೋ ಹೊದಿಕೆಯ ಕೆಳಗಿನಿಂದ ಕೈ ತೆಗೆದು ನೋಡಿಕೊಂಡ. ಮೊಣಕೈವರೆಗೆ ಕೆಂಪು ಒಣಗಿತ್ತು.

ಅಕ್ಕನಿಗೆ ಫೋನು ಮಾಡಿದ. ಲಿಮಾದಲ್ಲಿ ಶಾಲಾ ಸಮವಸ್ತ್ರ ಹೊಲಿಯುವ ಮಿಲಾಗ್ರೋಸ್. ತಾಯಿ ಸತ್ತ ಮೇಲೆ ಅವನನ್ನು ಸಾಕಿ, ಓದಿಸಿ, ವಕೀಲ ಮಾಡಿದವಳು. ಅವನಿಗಿದ್ದ ಒಬ್ಬಳೇ ರಕ್ತಸಂಬಂಧಿ.

“ಯಾಕೋ, ಅಳ್ತಿದೀಯಾ?”

“ಮಿಲಿ… ನನ್ನ ಕೈ…”

“ಕೈಗೇನಾಯ್ತು? ಮಾತಾಡೋ! ನಾನು ಬಸ್ಸು ಹತ್ತುತ್ತೀನಿ ಇರು.”

“ಬೇಡ! ಬರಬೇಡ. ಏನೇ ಆದ್ರೂ ಬರಬೇಡ.” ಫೋನು ಇಟ್ಟು ಬಯಲಿಗೆ ಓಡಿದ.

ಯುದೋಸಿಯಾ ಅವನನ್ನು ಮಾಡಿನ ಒಳಗೆ ಬಿಡಲಿಲ್ಲ. ಕಪ್ಪು ಶಾಲು ಹೊದ್ದು ಹೊಸಿಲಲ್ಲೇ ನಿಂತಳು. “ಕೈ ಹಿಂದೆ ಕಟ್ಕೊಂಡು ಮಾತಾಡು.”

“ಬಿಡಿಸಜ್ಜಿ. ನಿನ್ನ ಕಾಲಿಗೆ ಬೀಳ್ತೀನಿ.”

“ನನ್ನಣ್ಣನ ತಲೆ ಒದ್ದ ಕಾಲು ಯಾವುದು? ಅದೇ ಊರಿಕೊಂಡು ಬಿದ್ರೆ ಚೆನ್ನಾಗಿರುತ್ತೆ.” ಅವಳು ಶಾಲನ್ನು ಬಿಗಿದುಕೊಂಡಳು. ಆಮೇಲೆ ತಡೆದು ಹೇಳಿದಳು: “ಆಡಿನ ರಕ್ತದಲ್ಲಿ ತೃಪ್ತಿ ಪಡ್ತಿತ್ತು ಅದು. ಮನುಷ್ಯನ ರುಚಿ ಹತ್ತಿಸಿದೋನು ನೀನು. ಆದ್ರೂ ಆ ಕಲ್ಲಿಗೆ ಗಾಳಿ ಬಿಸಿಲು ತಾಗ್ತಿದ್ರೆ ನಾನು ಹೆಂಗೋ ಸಮಾಧಾನ ಮಾಡಿಯೇನು. ಹೋಗು. ಬಿಡಿಸಿ ಕೊಡು.”

ಬಾಸ್ತಿದಾಸ್ ಕೆಲಸದ ಜಾಗದಲ್ಲೇ ಇದ್ದ. ರಮೀರೋ ಹೇಳಿದ್ದನ್ನು ಕೇಳಿ ಬಾಯಿ ಬಿಟ್ಟು ನೋಡಿದ. ಆಮೇಲೆ ಹೊಟ್ಟೆ ಕುಣಿಯಿತು. “ನೀವೇ ಹೇಳಿದ್ದಲ್ವಾ ವಕೀಲರೇ, ಒಂದಿಂಚೂ ಬಿಡಬೇಡಿ, ಮೊದಲು ಅದರ ಮೇಲೇ ಸುರೀರಿ ಅಂತ? ನಿನ್ನೆನೇ ಸುರಿದಾಯ್ತು!” ತೋರಿಸಿದ. ಕಲ್ಲಿದ್ದ ಜಾಗದಲ್ಲಿ ಬೂದು ಕಾಂಕ್ರೀಟಿನ ದಪ್ಪ ಹಾಸು. ಸುತ್ತ ಎಲ್ಲ ಒಣಗಿತ್ತು. ನಡುವೆ ಮಾತ್ರ ಅಗಲವಾಗಿ ಒದ್ದೆ.

ರಮೀರೋ ಬಸ್ ನಿಲ್ದಾಣಕ್ಕೆ ಹೋದ. ಟಿಕೆಟು ಕೊಳ್ಳುವ ಸಾಲಿನಲ್ಲಿ ಮುಂದೆ ನಿಂತ ಹೆಂಗಸಿನ ಬೆನ್ನಿನ ಮೇಲೆ ಕೂಸು ಮಲಗಿತ್ತು. ಅವನ ಬೆರಳುಗಳು ಅದರ ಎಳೆ ಕತ್ತಿನ ಕಡೆ ಏಳತೊಡಗಿದವು. ಅವನು ಸಾಲು ಬಿಟ್ಟು ಓಡಿದ. ಎಲುಬು ಕಟ್ಟುವವನ ಅಂಗಡಿಗೆ ನುಗ್ಗಿ, ಮುರಿಯದ ಎರಡೂ ಕೈಗೆ ಬೆರಳ ತುದಿಯಿಂದ ಮೊಣಕೈವರೆಗೆ ಪ್ಲಾಸ್ಟರು ಹಾಕಿಸಿಕೊಂಡ. “ಇನ್ನೂ ದಪ್ಪ,” ಎಂದ. “ಇನ್ನೂ.” ಪ್ಲಾಸ್ಟರು ಗಟ್ಟಿಯಾದ ಮೇಲೆ ಮೊದಲ ಬಾರಿ ಉಸಿರು ಸರಾಗವಾಯಿತು.

ಅಂಗಡಿಯ ಬಾಗಿಲಲ್ಲೇ ಮೇಯರನ ಕಾರು ನಿಂತಿತ್ತು. ಅಡಿಗಲ್ಲಿನ ಸಮಾರಂಭ. ವಕೀಲರಿಲ್ಲದೆ ಹೇಗಾದೀತು? ಅವನು ಬೇಡ ಬೇಡವೆಂದರೂ ಕಾವಲಿನವರು ಹೊತ್ತುಕೊಂಡಂತೆ ಕೂರಿಸಿಕೊಂಡು ಹೋದರು.

ನೆತ್ತಿಯ ಮೇಲೆ ಸೂರ್ಯ. ಮರಳುಗಾಳಿ ಎದ್ದು ಆಕಾಶ ಹಳದಿಯಾಗಿತ್ತು. ಬ್ಯಾಂಡಿನವರು ಕಣ್ಣು ಕಿರಿದು ಮಾಡಿಕೊಂಡು ತುತ್ತೂರಿ ಊದುತ್ತಿದ್ದರು. ಕಾಂಕ್ರೀಟು ಹಾಸಿನ ಮೇಲೆ ಶಾಮಿಯಾನ, ಕೆಂಪು ಪಟ್ಟಿ, ಮಗ್ಗುಲಲ್ಲಿ ಮಣ್ಣು ಸಮ ಮಾಡುವ ರೋಲರ್ ಗುರುಗುಟ್ಟುತ್ತ ಹಿಂದೆಮುಂದೆ ಓಡಾಡುತ್ತಿತ್ತು.

“ಎರಡೂ ಕೈ!” ಮೇಯರ್ ಮೈಕಿನಲ್ಲೇ ನಕ್ಕ. “ಸಹಿ ಹಾಕಿ ಹಾಕಿ ಮುರ್ಕೊಂಡ್ರಾ?” ಜನ ನಕ್ಕರು. ಬಾಸ್ತಿದಾಸ್ ಮಖಮಲ್ಲಿನ ದಿಂಬಿನ ಮೇಲೆ ಏನನ್ನೋ ಇಟ್ಟು ತಂದ. “ಹಳೇ ಕಸಾಯಿಖಾನೆ ನೆನಪಿಗೆ,” ಎಂದ. “ಪಟ್ಟಿ ಕತ್ತರಿಸೋಕೆ ಕತ್ತರಿ ಬೇಡ. ಇದೇ ಇರಲಿ.”

ನಿಕಾನೋರನ ಬಾಗಿದ ಚಾಕು.

ರಮೀರೋ ಹಿಂದೆ ಸರಿದ. ಕಾಲ ಕೆಳಗೆ ಕಾಂಕ್ರೀಟು ಬೆಚ್ಚಗಿತ್ತು. ಮೆತ್ತಗಿತ್ತು. ಉಸಿರಾಡುತ್ತಿತ್ತು.

“ಓಡಿ,” ಎಂದ. “ಓಡ್ರೋ!”

ಪ್ಲಾಸ್ಟರು ಬಿರುಕು ಬಿಟ್ಟಿತು. ಒಳಗೆ ಬೆರಳುಗಳು ಹೊರಳುತ್ತಿದ್ದವು. ಒಂದು ಬೆರಳಿನ ಮೂಳೆ ಲಟಕ್ಕೆಂದಿತು. ಇನ್ನೊಂದು. ನೋವಿಗೆ ಅವನು ಚೀರಿದ. ಅವು ನಿಲ್ಲಲಿಲ್ಲ. ಬಿಳಿ ಚೂರುಗಳು ಸಿಡಿದವು. ಮುರಿದು, ಸೊಟ್ಟಗಾಗಿ, ರಕ್ತ ಸುರಿಸುತ್ತ ಕೈಗಳು ಹೊರಗೆ ಬಂದವು. ಬಲಗೈ ಚಾಕುವಿಗೆ. ಎಡಗೈ ಮೇಯರನ ಹಣೆಗೆ. ತಲೆ ಹಿಂದಕ್ಕೆ. ಕತ್ತು ಬಿಗಿ. ಒಂದೇ ಎಳೆತ.

ತುತ್ತೂರಿ ಅರ್ಧಕ್ಕೆ ನಿಂತಿತು.

ಮೇಯರ್ ಗೊರಗೊರ ಸದ್ದು ಮಾಡುತ್ತ ಮಂಡಿಯೂರಿದ. ಬಿಳಿ ಅಂಗಿ ಕೆಂಪಾಯಿತು. ರಕ್ತ ಕಾರಂಜಿಯಾಗಿ ಕಾಂಕ್ರೀಟಿನ ಮೇಲೆ ಬಿತ್ತು. ಬಿದ್ದದ್ದೆಲ್ಲ ಇಂಗಿತು. ಕೆಳಗಿನಿಂದ ಚಪ್ಪರಿಸುವ ಸದ್ದು ಬಂತು. ಎಲ್ಲರೂ ಕೇಳಿದರು.

ಜನ ಚೆದುರಿದರು. ಕುರ್ಚಿಗಳು ಉರುಳಿದವು. ಬಾಸ್ತಿದಾಸ್ ಓಡಿದ. ಕೈಗಳು ರಮೀರೋನನ್ನು ಎಳೆದುಕೊಂಡು ಹೋದವು. ಓಡುವ ಹೋರಿಯ ಹಿಂಗಾಲಿನ ನರ ಕೊಯ್ಯುವಂತೆ ಚಾಕು ತಳದಲ್ಲಿ ಬೀಸಿತು. ಬಾಸ್ತಿದಾಸ್ ಮುಖ ಅಡಿಯಾಗಿ ಬಿದ್ದ. “ವಕೀಲರೇ! ಯೇಸುವೇ! ವಕೀಲರೇ!” ಎಡಗೈ ಅವನ ಕೂದಲು ಹಿಡಿಯಿತು.

“ನಾನಲ್ಲ!” ರಮೀರೋ ಅಳುತ್ತಿದ್ದ. “ನಾನಲ್ಲ, ನಾನಲ್ಲ!”

ಆಗ ಕಂಡಿತು. ರೋಲರಿನ ಚಾಲಕ ಹಾರಿ ಓಡಿದ್ದ. ಯಂತ್ರ ಮಾತ್ರ ತನ್ನಷ್ಟಕ್ಕೆ ತೆವಳುತ್ತ ಬರುತ್ತಿತ್ತು. ಕಾಲುಗಳು ಇನ್ನೂ ಅವನವೇ ಆಗಿದ್ದವು. ಒದ್ದುಕೊಂಡ. ಹೊರಳಿದ. ಕೂದಲು ಹಿಡಿದ ಕೈ ಬಿಡಲೊಲ್ಲದು. ತನ್ನ ಮಣಿಕಟ್ಟನ್ನು ತಾನೇ ಕಚ್ಚಿದ. ಬಿಟ್ಟಿತು. ಮೈಯನ್ನು ಮೂಟೆಯಂತೆ ಎಸೆದುಕೊಂಡು ರೋಲರಿನ ಮುಂದೆ ಬಿದ್ದ. ಕೈಗಳಿಗೆ ಗೊತ್ತಾಯಿತು. ಮಣ್ಣು ಕೆರೆದವು. ಅವನ ಮುಖ ಪರಚಿದವು. ಒಂದು ಬೆರಳು ಕಣ್ಣಿಗೇ ನುಗ್ಗಿತು. ಎದೆಯಿಂದ ತೋಳನ್ನು ಒತ್ತಿ ಹಿಡಿದ. ಉಕ್ಕಿನ ಉರುಳೆ ಬಂತು.

ಉಗುರು. ಬೆರಳು. ಮಣಿಕಟ್ಟು.

ಅವನ ಕೂಗಿಗೆ ಕಡಲ ಹಕ್ಕಿಗಳೆಲ್ಲ ಎದ್ದವು. ಯಾರೋ ಓಡಿಬಂದು ಯಂತ್ರ ನಿಲ್ಲಿಸಿದರು. ಯುದೋಸಿಯಾ ತನ್ನ ಶಾಲನ್ನು ಹರಿದು ಅವನ ತೋಳುಗಳನ್ನು ಬಿಗಿದು ಕಟ್ಟುತ್ತಿದ್ದಳು. ಅವಳ ಕಣ್ಣಲ್ಲಿ ಈಗ ದ್ವೇಷವಿರಲಿಲ್ಲ. ಬರೀ ಗಾಬರಿ.

“ಎಂಥಾ ಕೆಲಸ ಮಾಡ್ಕೊಂಡ್ಯೋ ಹುಚ್ಚಪ್ಪಾ! ಕೈ ಕೊಟ್ರೆ ಕಸುಬು ಸಾಯುತ್ತಾ? ನಮ್ಮಪ್ಪನ ಕೈ ಕೊಳೆತು ಬಿದ್ದ ದಿನವೇ ಅಣ್ಣನ ಕೈಗೆ ಬಂತದು. ಹೇಳು, ನಿನ್ನ ರಕ್ತದೋರು ಯಾರಾದ್ರೂ ಇದ್ದಾರಾ? ಹೇಳೋ!”

ಅವನು ಬಾಯಿ ತೆರೆದ. ಕತ್ತಲೆ ಕವಿಯಿತು.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಕಿಟಕಿಯ ತುಂಬ ಹಗಲು. ಒಂದು ಕಣ್ಣಿಗೆ ಪಟ್ಟಿ. ಎರಡೂ ತೋಳು ಮೊಣಕೈ ಕೆಳಗೆ ಬಟ್ಟೆಯ ಉಂಡೆಯಾಗಿ ಮುಗಿದಿದ್ದವು. ಬಾಗಿಲಲ್ಲಿ ಪೊಲೀಸಿನವನು. ಬಾಸ್ತಿದಾಸ್ ಬದುಕಿದ್ದಾನೆ, ಇನ್ನು ನಡೆಯಲಾರ ಎಂದು ನರ್ಸು ಹೇಳಿದಳು. ಮಾರಾಟ ನಿಂತಿಲ್ಲ, ಹೊಸ ಮೇಯರ್ ಬೇರೆ ಬಿಲ್ಡರ್ ಜೊತೆ ಮಾತಾಡುತ್ತಿದ್ದಾನಂತೆ. ರಮೀರೋ ಅದೊಂದನ್ನೂ ಕೇಳಿಸಿಕೊಳ್ಳಲಿಲ್ಲ. ಅಂಗೈಗಳ ವಾಸನೆ ಹೋಗಿತ್ತು. ಔಷಧಿಯ ವಾಸನೆ ಮಾತ್ರ. ಅವನು ಕೂಸಿನಂತೆ ಅತ್ತ, ಸಮಾಧಾನಕ್ಕೆ.

ಹಾಸಿಗೆಯ ಪಕ್ಕದ ಕುರ್ಚಿ ಕಿರುಗುಟ್ಟಿತು.

“ಬರಬೇಡ ಅಂದ್ರೆ ಬರದೆ ಇರ್ತೀನಾ?” ಮಿಲಾಗ್ರೋಸ್. ಅತ್ತು ಅತ್ತು ಮುಖ ಊದಿತ್ತು. ಪ್ರಯಾಣದ ಧೂಳು ಇನ್ನೂ ಕೂದಲಲ್ಲಿತ್ತು. “ಹುಚ್ಚು ಹುಡುಗ. ಏನು ಮಾಡ್ಕೊಂಡೆ ನೀನು.”

“ಮಿಲಿ, ಹೋಗು,” ಎಂದ. “ದೂರ ಹೋಗು. ಈಗಲೇ.”

“ಎಲ್ಲಿಗೆ ಹೋಗಲಿ? ಸುಮ್ನೆ ಮಲಕ್ಕೋ.” ಅವಳು ಬಾಗಿ ಅವನ ಕೆನ್ನೆ ಸವರಿದಳು. ಚಿಕ್ಕಂದಿನಲ್ಲಿ ಜ್ವರ ಬಂದಾಗ ಸವರುತ್ತಿದ್ದ ಹಾಗೆಯೇ. “ಗೊತ್ತಾ, ಮೂರು ಹೊತ್ತೂ ಹೊಲಿದು ಹೊಲಿದು ಮರಗಟ್ಟಿ ಹೋಗಿದ್ವಲ್ಲ ನನ್ನ ಬೆರಳು. ಬಸ್ಸಲ್ಲಿ ಬರ್ತಾ ಬರ್ತಾ ನೋವೆಲ್ಲ ಹೋಯ್ತು ನೋಡು. ಎಷ್ಟು ಹಗುರ ಆಗಿವೆ ಅಂದ್ರೆ…”

ಮಾತು ಅಲ್ಲಿಗೆ ನಿಂತಿತು. ಅವಳ ಹೆಬ್ಬೆರಳು ಕೆನ್ನೆಯಿಂದ ಜಾರಿ ದವಡೆಯ ಕೆಳಗೆ ಬಂದಿತ್ತು. ನಾಡಿ ಮಿಡಿಯುವ ಮೆತ್ತನೆಯ ಜಾಗದಲ್ಲಿ ಸುಮ್ಮನೆ ಕೂತಿತು. ಮಿಲಾಗ್ರೋಸ್ ತನ್ನ ಕೈಯನ್ನು ತಾನೇ ನೋಡಿದಳು, ಅಚ್ಚರಿಯಿಂದ.

ರಮೀರೋ ಅವಳನ್ನು ದೂಡಲು ತೋಳೆತ್ತಿದ. ದೂಡಲು ಏನೂ ಇರಲಿಲ್ಲ.